ಪಟ್ಟಿಯಲ್ಲಿ ಹೆಸರು ಏಕೆ ಬಿಟ್ಟುಹೋಗುತ್ತದೆ?

(ಪ್ರಾಥಮಿಕ ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರು ಹಾಗೂ ಕಾರ್ಯದರ್ಶಿಗಳ ತಿಳುವಳಿಕೆ ಶಿಬಿರದಲ್ಲಿ ಮಾಡಿದ ಭಾಷಣದ ಪಠ್ಯ)



ಇಂತಹ ಶಿಬಿರಗಳಲ್ಲಿ ಹಸಿರು ಮೇವು, ಕೆಚ್ಚಲು ಬಾವು, ಕೃತಕ ಗರ್ಭಧಾರಣೆ ಮುಂತಾದ ವಿಷಯಗಳ ಬಗ್ಗೆ ಮಾತನಾಡುವುದು ವಾಡಿಕೆ. ಇಂದು ನನಗೆ ವಹಿಸಿರುವ ವಿಷಯ ಗಣಕಯಂತ್ರಕ್ಕೆ ಸೇರಿದ್ದು. ಗಾಬರಿಯಾಗಬೇಡಿ. ಗಣಕಯಂತ್ರವನ್ನು ಮುಟ್ಟದವರಿಗೂ ಈ ವಿಷಯ ಬೇಕಾದದ್ದೇ, ಏಕೆಂದರೆ ಇಂದು ನಮ್ಮ ಹಣ ಬರುವುದು ಗಣಕಯಂತ್ರ ಕೊಡುವ ಪಟ್ಟಿಯ ಆಧಾರದ ಮೇಲೆ. ಹತ್ತು ದಿನಕ್ಕೋ ಹದಿನೈದು ದಿನಕ್ಕೋ ಆಗುವ ಬಟವಾಡೆ, ವರ್ಷಕ್ಕೊಮ್ಮೆ ಕೊಡುವ ಬೋನಸ್, ರಾಸು ವಿಮೆ, ಆಡಳಿತ ಮಂಡಳಿ ಚುನಾವಣೆಯ ಮತದಾರರ ಪಟ್ಟಿ, ಇವೆಲ್ಲಕ್ಕೂ ಒಂದೊಂದು ಪಟ್ಟಿ ಬೇಕು. ರಾಜ್ಯ ಸರ್ಕಾರವು 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭಿಸಿದ ಪ್ರೋತ್ಸಾಹಧನವೂ ಇಂತಹ ಪಟ್ಟಿಯ ಮೂಲಕವೇ ಉತ್ಪಾದಕರ ಬ್ಯಾಂಕ್ ಖಾತೆಗೆ ಬರುವ ವ್ಯವಸ್ಥೆಯಾಯಿತು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಹಾಲು ಹಾಕಿದ್ದೂ ದಂಡ ಎಂಬಂತಾಗುತ್ತದೆ.

ಹೆಸರು ಬಿಟ್ಟುಹೋದಾಗ ಊರಿನಲ್ಲಿ ಏನಾಗುತ್ತದೆ ಎಂಬುದು ತಮಗೆ ಗೊತ್ತೇ ಇದೆ. "ಕಾರ್ಯದರ್ಶಿ ಬೇಕೆಂದೇ ಬಿಟ್ಟ" ಎನ್ನುವವರು ಕೆಲವರು, "ಕಂಪ್ಯೂಟರ್ ತಪ್ಪು ಮಾಡಿದೆ, ನಾನೇನು ಮಾಡಲಿ" ಎನ್ನುವ ಕಾರ್ಯದರ್ಶಿ ಒಂದು ಕಡೆ. ಬಹಳಷ್ಟು ಸಂದರ್ಭಗಳಲ್ಲಿ ಈ ಎರಡು ಮಾತೂ ಸರಿಯಲ್ಲ. ಯಂತ್ರ ಕೇಳಿದ ಪ್ರಶ್ನೆಗೆ ಸರಿಯಾಗಿಯೇ ಉತ್ತರ ಕೊಟ್ಟಿರುತ್ತದೆ. ತಪ್ಪಿರುವುದು ನಾವು ಪ್ರಶ್ನೆ ಕೇಳಿದ ರೀತಿಯಲ್ಲಿ. ಒಂದೇ ಷರತ್ತಿದ್ದಾಗ ಈ ತಪ್ಪು ಅಪರೂಪ. ಎರಡು, ಮೂರು, ನಾಲ್ಕು ಷರತ್ತುಗಳನ್ನು ಒಟ್ಟಿಗೆ ಹಾಕಿದಾಗಲೇ ಪಟ್ಟಿ ಕೆಡುತ್ತದೆ. ಅದು ಹೇಗೆ ಕೆಡುತ್ತದೆ, ಕೆಟ್ಟ ಜಾಗವನ್ನು ಹೇಗೆ ಹುಡುಕಬೇಕು ಎಂಬುದಷ್ಟನ್ನೇ ಇಂದು ಹೇಳುತ್ತೇನೆ.

ದತ್ತಸಂಚಯ ಎಂದರೇನು?

ನಮ್ಮ ಹಾಲು ಖರೀದಿ ರಿಜಿಸ್ಟರನ್ನು ನೆನಪಿಸಿಕೊಳ್ಳಿ. ಅಡ್ಡ ಸಾಲಿನಲ್ಲಿ ಒಬ್ಬ ಉತ್ಪಾದಕರ ವಿವರ. ಉದ್ದದ ಕಾಲಂಗಳಲ್ಲಿ ಸದಸ್ಯತ್ವ ಸಂಖ್ಯೆ, ಹೆಸರು, ಬೆಳಗಿನ ಹಾಲು, ಸಂಜೆಯ ಹಾಲು, ಜಿಡ್ಡಿನಂಶ, ಎಸ್.ಎನ್.ಎಫ್., ದರ, ಮೊತ್ತ. ಇದನ್ನೇ ಯಂತ್ರದೊಳಗೆ ಇಟ್ಟರೆ ಅದು ದತ್ತಸಂಚಯ, ಅಂದರೆ ಡೇಟಾಬೇಸ್. ಮಾಹಿತಿಯನ್ನು ಹೀಗೆ ಸಾಲು ಮತ್ತು ಕಾಲಂಗಳ ಕೋಷ್ಟಕವಾಗಿ ಇಡಬಹುದೆಂಬ ಸಿದ್ಧಾಂತವನ್ನು ಇ. ಎಫ್. ಕಾಡ್ ಎಂಬ ವಿಜ್ಞಾನಿ 1970ರಲ್ಲಿ ಪ್ರಕಟಿಸಿದರು. ಇಂತಹ ಕೋಷ್ಟಕಕ್ಕೆ ಪ್ರಶ್ನೆ ಕೇಳುವ ಭಾಷೆಯನ್ನು ಐ.ಬಿ.ಎಂ. ಕಂಪನಿಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬುವರು 1974ರಲ್ಲಿ ಮುಂದಿಟ್ಟರು. ಅದೇ ಇಂದಿನ ಎಸ್.ಕ್ಯು.ಎಲ್.

ಪ್ರಶ್ನೆ ಕೇಳುವುದೆಂದರೆ ಹಾಲು ಸೋಸಿದಂತೆ. ರಿಜಿಸ್ಟರಿನ ಪ್ರತಿಯೊಂದು ಸಾಲನ್ನೂ ಯಂತ್ರ ಎತ್ತಿಕೊಂಡು, ನಾವು ಕೊಟ್ಟ ಷರತ್ತಿಗೆ ಹೊಂದುತ್ತದೆಯೇ ಎಂದು ನೋಡುತ್ತದೆ. ಹೊಂದಿದರೆ ಪಟ್ಟಿಗೆ ಸೇರಿಸುತ್ತದೆ, ಇಲ್ಲದಿದ್ದರೆ ಬಿಡುತ್ತದೆ. ಒಂದು ಸಲಕ್ಕೆ ಒಂದೇ ಸಾಲನ್ನು ನೋಡುತ್ತದೆ ಎಂಬ ಮಾತನ್ನು ದಯವಿಟ್ಟು ಗಮನದಲ್ಲಿಡಿ.

ಕೂಗಿ ಹೇಳುವ ತಪ್ಪು, ಹೇಳದೇ ಇರುವ ತಪ್ಪು

ತಪ್ಪುಗಳಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಯಂತ್ರವೇ ಕೆಲಸ ನಿಲ್ಲಿಸಿ ಪರದೆಯ ಮೇಲೆ ಸಂದೇಶ ತೋರಿಸುತ್ತದೆ. 'ಸಿಂಟ್ಯಾಕ್ಸ್ ಎರರ್' ಎಂದು ಬಂದರೆ ವಾಕ್ಯರಚನೆ ಸರಿಯಿಲ್ಲವೆಂದು ಅರ್ಥ. ಎಲ್ಲೋ ಒಂದು ಕಂಸ ಮುಚ್ಚಿಲ್ಲ, ಉದ್ಧರಣ ಚಿಹ್ನೆ ಬಿಟ್ಟುಹೋಗಿದೆ, ಅಥವಾ ಎರಡು ಷರತ್ತುಗಳ ನಡುವೆ 'ಮತ್ತು' ಎಂಬ ಪದ ಹಾಕಿಲ್ಲ. 'ಡೇಟಾ ಟೈಪ್ ಮಿಸ್‌ಮ್ಯಾಚ್' ಎಂದು ಬಂದರೆ ಅಂಕಿ ಇರಬೇಕಾದ ಕಡೆ ಅಕ್ಷರವನ್ನೋ, ಅಕ್ಷರ ಇರಬೇಕಾದ ಕಡೆ ಅಂಕಿಯನ್ನೋ ಕೊಟ್ಟಿದ್ದೇವೆ ಎಂದು ಅರ್ಥ. ಇಂತಹ ಸಂದೇಶಕ್ಕೆ ಹೆದರಬೇಕಿಲ್ಲ. ಅದು ನಮಗೆ ಉಪಕಾರವನ್ನೇ ಮಾಡುತ್ತದೆ, ಏಕೆಂದರೆ ತಪ್ಪು ಪಟ್ಟಿ ಹೊರಬೀಳುವುದಿಲ್ಲ.

ಎರಡನೆಯ ಬಗೆಯೇ ಅಪಾಯಕಾರಿ. ಯಂತ್ರ ಏನೂ ಹೇಳದೆ ಪಟ್ಟಿ ಕೊಡುತ್ತದೆ. ಅಚ್ಚುಕಟ್ಟಾಗಿ ಮುದ್ರಣವಾಗುತ್ತದೆ. ಸಹಿ, ಮೊಹರು ಬೀಳುತ್ತದೆ. ಒಳಗೆ ಮಾತ್ರ ಕೆಲವು ಹೆಸರು ಹೆಚ್ಚು, ಕೆಲವು ಹೆಸರು ಕಡಿಮೆ. ಇನ್ನು ಮುಂದೆ ನಾನು ಹೇಳುವುದು ಮುಖ್ಯವಾಗಿ ಈ ಎರಡನೆಯ ಬಗೆಯ ತಪ್ಪುಗಳನ್ನು ಕುರಿತು.

'ಮತ್ತು', 'ಅಥವಾ' ಪದಗಳ ಗೊಂದಲ

"ಎಚ್.ಎಫ್. ಮತ್ತು ಜರ್ಸಿ ಹಸುಗಳ ಪಟ್ಟಿ ಕೊಡಿ" ಎಂದು ನಾವು ಮಾತಿನಲ್ಲಿ ಕೇಳುತ್ತೇವೆ. ಕೇಳಿದವರಿಗೆ ಅರ್ಥವಾಗುತ್ತದೆ, ಎರಡೂ ತಳಿಯ ಹಸುಗಳನ್ನು ಸೇರಿಸಿ ಕೊಡುತ್ತಾರೆ. ಯಂತ್ರಕ್ಕೆ ಇದೇ ಮಾತನ್ನು ಹೇಳಿದರೆ ಪಟ್ಟಿ ಖಾಲಿ ಬರುತ್ತದೆ. ಏಕೆ? ಅದು ಒಂದು ಸಲಕ್ಕೆ ಒಂದು ಸಾಲನ್ನು ನೋಡುತ್ತದೆ ಎಂದೆನಲ್ಲ. ಒಂದು ಸಾಲೆಂದರೆ ಒಂದು ಹಸು. ತಳಿಯ ಕಾಲಂನಲ್ಲಿ ಒಂದೇ ಹಸುವಿಗೆ ಎಚ್.ಎಫ್. ಎಂದೂ ಜರ್ಸಿ ಎಂದೂ ಬರೆದಿರಲು ಸಾಧ್ಯವಿಲ್ಲ. ಇಲ್ಲಿ ಯಂತ್ರಕ್ಕೆ ಹೇಳಬೇಕಾದದ್ದು "ತಳಿ ಎಚ್.ಎಫ್. ಅಥವಾ ತಳಿ ಜರ್ಸಿ" ಎಂದು. 'ತಳಿ' ಎಂಬ ಕಾಲಂ ಹೆಸರನ್ನು ಎರಡು ಕಡೆಯೂ ಹೇಳಬೇಕು. "ತಳಿ ಎಚ್.ಎಫ್. ಅಥವಾ ಜರ್ಸಿ" ಎಂದು ಮೊಟಕು ಮಾಡಿದರೆ ಕೆಲವು ತಂತ್ರಾಂಶಗಳು ದೋಷ ತೋರಿಸುತ್ತವೆ, ಕೆಲವು ಏನೋ ಒಂದು ಉತ್ತರ ಕೊಟ್ಟು ಸುಮ್ಮನಾಗುತ್ತವೆ.

ಆದ್ದರಿಂದ ಮೊದಲ ಸೂತ್ರ: ಷರತ್ತು ಸೇರಿಸುವಾಗ 'ಮತ್ತು' ಹಾಕಿದರೆ ಪಟ್ಟಿ ಕಿರಿದಾಗಬೇಕು ಅಥವಾ ಇದ್ದಷ್ಟೇ ಇರಬೇಕು. 'ಅಥವಾ' ಹಾಕಿದರೆ ಪಟ್ಟಿ ಹಿಗ್ಗಬೇಕು ಅಥವಾ ಇದ್ದಷ್ಟೇ ಇರಬೇಕು. ಇದಕ್ಕೆ ವಿರುದ್ಧವಾಗಿ ನಡೆದರೆ ಅಲ್ಲೇ ನಿಂತು ನೋಡಬೇಕು.

ಕಂಸ ಹಾಕದಿದ್ದರೆ ಆಗುವ ಅನರ್ಥ

ಒಂದು ಸಂಘದಲ್ಲಿ ಹೀಗೊಂದು ನಿಯಮವಿದೆ ಎಂದು ಇಟ್ಟುಕೊಳ್ಳೋಣ: ಸದಸ್ಯರಾಗಿರಬೇಕು, ಮತ್ತು ವರ್ಷದಲ್ಲಿ 180 ದಿನ ಹಾಲು ಹಾಕಿರಬೇಕು ಅಥವಾ 500 ಲೀಟರ್ ಹಾಲು ಹಾಕಿರಬೇಕು. ಓದಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಸದಸ್ಯತ್ವ ಕಡ್ಡಾಯ. ದಿನ, ಲೀಟರ್ ಇವೆರಡರಲ್ಲಿ ಒಂದಿದ್ದರೆ ಸಾಕು.

ಯಂತ್ರಕ್ಕೆ ಈ ವಾಕ್ಯವನ್ನು ಹಾಗೆಯೇ ಕೊಟ್ಟರೆ ಅದು 'ಮತ್ತು' ಎಂಬುದನ್ನು ಮೊದಲು ಬಿಡಿಸುತ್ತದೆ, 'ಅಥವಾ' ಎಂಬುದನ್ನು ನಂತರ ಬಿಡಿಸುತ್ತದೆ. ಶಾಲೆಯಲ್ಲಿ ಕೂಡುವುದಕ್ಕಿಂತ ಮೊದಲು ಗುಣಿಸಬೇಕು ಎಂದು ಕಲಿತಿದ್ದೇವಲ್ಲ, ಹಾಗೆಯೇ ಇದು. ಆಗ ಅರ್ಥ ಬದಲಾಗುತ್ತದೆ: "ಸದಸ್ಯರಾಗಿದ್ದು 180 ದಿನ ಹಾಕಿದವರು, ಅಥವಾ, ಯಾರೇ ಆಗಲಿ, 500 ಲೀಟರ್ ಹಾಕಿದವರು." ಸದಸ್ಯರಲ್ಲದೆ ಹಾಲು ಹಾಕುವವರೂ ಪಟ್ಟಿಗೆ ಬಂದುಬಿಡುತ್ತಾರೆ.

ಲೆಕ್ಕ ಮಾಡಿ ನೋಡೋಣ. ರಿಜಿಸ್ಟರಿನಲ್ಲಿ 240 ಹೆಸರಿದೆ. ಅದರಲ್ಲಿ 200 ಸದಸ್ಯರು, 40 ಸದಸ್ಯರಲ್ಲದವರು. ಸದಸ್ಯರ ಪೈಕಿ 180 ದಿನ ಹಾಕಿದವರು 120. ದಿನ ಕಡಿಮೆಯಾದರೂ 500 ಲೀಟರ್ ಮುಟ್ಟಿದವರು 20. ಸರಿಯಾದ ಪಟ್ಟಿ 140. ಸದಸ್ಯರಲ್ಲದ 40 ಜನರಲ್ಲಿ 15 ಮಂದಿ 500 ಲೀಟರ್ ಹಾಕಿದ್ದರೆ, ಕಂಸವಿಲ್ಲದ ಪ್ರಶ್ನೆಗೆ 155 ಹೆಸರು ಬರುತ್ತದೆ. ಇದೇ ಮತದಾರರ ಪಟ್ಟಿಯಾದರೆ ಚುನಾವಣೆಯೇ ತಕರಾರಿಗೆ ಬೀಳುತ್ತದೆ.

ಪರಿಹಾರ ಸುಲಭ. "ಸದಸ್ಯ, ಮತ್ತು (180 ದಿನ ಅಥವಾ 500 ಲೀಟರ್)" ಎಂದು 'ಅಥವಾ' ಇರುವ ಭಾಗವನ್ನು ಕಂಸದೊಳಗೆ ಕಟ್ಟಿಹಾಕಬೇಕು. 'ಮತ್ತು', 'ಅಥವಾ' ಎರಡೂ ಒಂದೇ ಪ್ರಶ್ನೆಯಲ್ಲಿ ಬಂದರೆ ಕಂಸ ಬೇಕೇ ಬೇಕು ಎಂದು ಕಾರ್ಯದರ್ಶಿ ಮಿತ್ರರು ಬರೆದಿಟ್ಟುಕೊಳ್ಳಿ.

ಖಾಲಿ ಕೋಣೆ ಸೊನ್ನೆಯಲ್ಲ

ಮೇಲಿನ 140 ಜನರ ಪಟ್ಟಿಗೆ ಇನ್ನೊಂದು ಷರತ್ತು ಸೇರಿಸೋಣ. ಪಶು ಆಹಾರದ ಬಾಕಿ ಸೊನ್ನೆ ಇರಬೇಕು. ಪಟ್ಟಿ 140ರಿಂದ ಒಮ್ಮೆಗೇ 45ಕ್ಕೆ ಇಳಿಯಿತು. ಊರಿನಲ್ಲಿ ಅಷ್ಟೊಂದು ಜನ ಬಾಕಿದಾರರೇ? ವಿಚಾರಿಸಿದರೆ ನಿಜವಾಗಿ ಬಾಕಿ ಇರುವವರು 7 ಮಂದಿ ಮಾತ್ರ. ಉಳಿದ 88 ಜನ ಎಲ್ಲಿ ಹೋದರು?

ಆ 88 ಜನ ಪಶು ಆಹಾರವನ್ನು ಸಾಲಕ್ಕೆ ತೆಗೆದುಕೊಂಡವರೇ ಅಲ್ಲ. ಹಾಗಾಗಿ ಅವರ ಬಾಕಿ ಕಾಲಂನಲ್ಲಿ ಯಾರೂ ಏನೂ ಬರೆದಿಲ್ಲ. ಕೋಣೆ ಖಾಲಿ ಇದೆ. ನಮಗೆ ಖಾಲಿ ಎಂದರೂ ಸೊನ್ನೆ ಎಂದರೂ ಒಂದೇ. ಯಂತ್ರಕ್ಕೆ ಖಾಲಿ ಎಂದರೆ 'ಗೊತ್ತಿಲ್ಲ'. ಇದನ್ನು ಅವರ ಭಾಷೆಯಲ್ಲಿ 'ನಲ್' ಎನ್ನುತ್ತಾರೆ. ಸೊನ್ನೆಗೆ ಸಮವೇ ಎಂದು ಕೇಳಿದರೆ 'ಗೊತ್ತಿಲ್ಲ' ಎನ್ನುತ್ತದೆ. ಸೊನ್ನೆಗೆ ಸಮವಲ್ಲವೇ ಎಂದು ಕೇಳಿದರೂ 'ಗೊತ್ತಿಲ್ಲ' ಎನ್ನುತ್ತದೆ. 'ಹೌದು' ಎಂಬ ಉತ್ತರ ಬಂದ ಸಾಲು ಮಾತ್ರ ಪಟ್ಟಿಗೆ ಸೇರುವುದರಿಂದ ಆ 88 ಜನ ಬಾಕಿ ಇಲ್ಲದವರ ಪಟ್ಟಿಯಲ್ಲೂ ಇಲ್ಲ, ಬಾಕಿ ಇರುವವರ ಪಟ್ಟಿಯಲ್ಲೂ ಇಲ್ಲ. ಒಂದು ರೂಪಾಯಿ ಸಾಲ ಮಾಡದವರಿಗೇ ಹೀಗೆ ಅನ್ಯಾಯವಾಗುತ್ತದೆ.

ಇಲ್ಲಿ "ಬಾಕಿ ಸೊನ್ನೆ ಅಥವಾ ಬಾಕಿ ಕೋಣೆ ಖಾಲಿ" ಎಂದು ಕೇಳಬೇಕು. ಖಾಲಿ ಇದೆಯೇ ಎಂದು ಕೇಳಲು 'ಈಸ್ ನಲ್' ಎಂಬ ಬೇರೆಯೇ ಪದವಿದೆ, ಸಮ ಚಿಹ್ನೆ ಹಾಕಿದರೆ ಕೆಲಸವಾಗದು. 'ಅಥವಾ' ಬಂದಿರುವುದರಿಂದ ಇದನ್ನೂ ಕಂಸದೊಳಗೆ ಇಡಬೇಕು. ಹಾಲು ಹಾಕುವುದನ್ನು ನಿಲ್ಲಿಸಿದ ದಿನಾಂಕ, ಎರಡನೆಯ ಬ್ಯಾಂಕ್ ಖಾತೆ, ರಾಸು ಮಾರಿದ ದಿನಾಂಕ, ಇಂತಹ ಕಾಲಂಗಳು ಬಹುಮಂದಿಗೆ ಖಾಲಿಯೇ ಇರುತ್ತವೆ. ಅವುಗಳ ಮೇಲೆ ಷರತ್ತು ಹಾಕುವಾಗ ಎಚ್ಚರ ಬೇಕು.

ದಿನಾಂಕದ ತೊಡಕು

3/4 ಎಂದು ಬರೆದರೆ ನಮಗೆ ಏಪ್ರಿಲ್ 3. ಅಮೆರಿಕದವರಿಗೆ ಮಾರ್ಚ್ 4. ಮೈಕ್ರೋಸಾಫ್ಟ್ ಆ್ಯಕ್ಸೆಸ್‌ನಂತಹ ತಂತ್ರಾಂಶದಲ್ಲಿ ಎಸ್.ಕ್ಯು.ಎಲ್. ಪ್ರಶ್ನೆಯೊಳಗೆ ಬರೆದ ದಿನಾಂಕವನ್ನು ಅಮೆರಿಕದ ಕ್ರಮದಲ್ಲಿ ಓದಲಾಗುತ್ತದೆ. 25/4 ಎಂದು ಬರೆದರೆ 25ನೇ ತಿಂಗಳು ಇಲ್ಲದ ಕಾರಣ ಅದೇ ಸರಿಮಾಡಿಕೊಳ್ಳುತ್ತದೆ. ಹೀಗಾಗಿ ತಿಂಗಳ 13ನೇ ತಾರೀಖಿನಿಂದಾಚೆ ಎಲ್ಲವೂ ಸರಿ, ಮೊದಲ 12 ದಿನಗಳಲ್ಲಿ ಮಾತ್ರ ಲೆಕ್ಕ ತಪ್ಪು. ಇಂತಹ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯುವುದು ಕ್ಷೇಮ.

ಇನ್ನೊಂದು ತೊಡಕು ಕೊನೆಯ ದಿನದ್ದು. ಯಂತ್ರಚಾಲಿತ ಹಾಲು ಸಂಗ್ರಹಣೆಯಲ್ಲಿ ದಿನಾಂಕದ ಜೊತೆಗೆ ವೇಳೆಯೂ ದಾಖಲಾಗಿರಬಹುದು. ಆಗ "ಮಾರ್ಚ್ 1ರಿಂದ ಮಾರ್ಚ್ 31ರವರೆಗೆ" ಎಂದು ಕೇಳಿದರೆ ಯಂತ್ರವು 31ನೇ ತಾರೀಖು ಆರಂಭವಾಗುವ ನಡುರಾತ್ರಿಗೆ ನಿಂತುಬಿಡುತ್ತದೆ. 31ರ ಬೆಳಗಿನ ಹಾಲೂ ಹೋಯಿತು, ಸಂಜೆಯ ಹಾಲೂ ಹೋಯಿತು. 180 ದಿನ ಪೂರ್ಣ ಮಾಡಿದವರು 179ಕ್ಕೆ ನಿಲ್ಲಬಹುದು. "ಮಾರ್ಚ್ 1 ಅಥವಾ ನಂತರ, ಮತ್ತು ಏಪ್ರಿಲ್ 1ಕ್ಕಿಂತ ಮೊದಲು" ಎಂದು ಕೇಳಿದರೆ ಈ ತೊಂದರೆಯಿಲ್ಲ.

'180ಕ್ಕಿಂತ ಹೆಚ್ಚು' ಎಂಬುದಕ್ಕೂ '180 ಅಥವಾ ಅದಕ್ಕಿಂತ ಹೆಚ್ಚು' ಎಂಬುದಕ್ಕೂ ವ್ಯತ್ಯಾಸವಿದೆ. ಸರಿಯಾಗಿ 180 ದಿನ ಹಾಕಿದವರು ಮೊದಲನೆಯದರಲ್ಲಿ ಹೊರಗೆ, ಎರಡನೆಯದರಲ್ಲಿ ಒಳಗೆ.

ಅಂಕಿಯೋ, ಅಕ್ಷರವೋ?

ಸದಸ್ಯತ್ವ ಸಂಖ್ಯೆಯನ್ನು ಯಂತ್ರದಲ್ಲಿ ಅಕ್ಷರವಾಗಿ ಇಟ್ಟಿದ್ದರೆ ಹೋಲಿಕೆ ನಿಘಂಟಿನ ಕ್ರಮದಲ್ಲಿ ನಡೆಯುತ್ತದೆ. ಆಗ 9 ದೊಡ್ಡದು, 10 ಚಿಕ್ಕದು, ಏಕೆಂದರೆ ಮೊದಲ ಅಂಕಿಯನ್ನಷ್ಟೇ ಹೋಲಿಸಿ ತೀರ್ಮಾನಿಸಲಾಗುತ್ತದೆ. "ಸಂಖ್ಯೆ 50ಕ್ಕಿಂತ ಹೆಚ್ಚು" ಎಂದು ಕೇಳಿದರೆ 6 ಬರುತ್ತದೆ, 120 ಬರುವುದಿಲ್ಲ.

ಬ್ಯಾಂಕ್ ಖಾತೆ ಸಂಖ್ಯೆಯದು ಇದಕ್ಕೆ ವಿರುದ್ಧ. ಅದನ್ನು ಅಕ್ಷರವಾಗಿಯೇ ಇಡಬೇಕು. ಅಂಕಿಯಾಗಿ ಇಟ್ಟರೆ ಮುಂದಿರುವ ಸೊನ್ನೆಗಳು ಬಿದ್ದುಹೋಗುತ್ತವೆ. ಎಕ್ಸೆಲ್ ಹಾಳೆಯಲ್ಲಾದರೆ 15 ಅಂಕಿಗಳ ನಂತರದ ಅಂಕಿಗಳೆಲ್ಲ ಸೊನ್ನೆಯಾಗುತ್ತವೆ. ಐ.ಎಫ್.ಎಸ್.ಸಿ. ಸಂಕೇತದಲ್ಲಿ ಒಟ್ಟು 11 ಸ್ಥಾನಗಳಿವೆ, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ 'ಓ' ಅಕ್ಷರ ಒತ್ತಿದ್ದರೆ ನೋಡಲು ಒಂದೇ ಥರ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ.

ಹೆಸರಿನ ಮೇಲೆ ಹುಡುಕುವುದು ಇನ್ನೂ ಕಷ್ಟ. ಒಂದು ಕಡೆ ಹೆಸರಿನ ಮುಂದೆ ಇನಿಷಿಯಲ್, ಇನ್ನೊಂದು ಕಡೆ ಹಿಂದೆ. ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ. ಹಳೆಯ ಕನ್ನಡ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಹೆಸರೂ ಯುನಿಕೋಡ್‌ನಲ್ಲಿ ಮಾಡಿದ ಹೆಸರೂ ಕಾಗದದ ಮೇಲೆ ಒಂದೇ ಆದರೂ ಯಂತ್ರಕ್ಕೆ ಬೇರೆ ಬೇರೆ. ಆದ್ದರಿಂದ ಹುಡುಕುವುದಿದ್ದರೆ ಸದಸ್ಯತ್ವ ಸಂಖ್ಯೆಯ ಮೇಲೆ ಹುಡುಕಿ. ರಾಸುವಾದರೆ ಕಿವಿಯೋಲೆಯ 12 ಅಂಕಿಗಳ ಮೇಲೆ ಹುಡುಕಿ.

ತಪ್ಪು ಹುಡುಕುವ ವಿಧಾನ

ಇಷ್ಟೆಲ್ಲ ಕಾರಣಗಳಲ್ಲಿ ನಮ್ಮ ಪಟ್ಟಿ ಕೆಟ್ಟದ್ದು ಯಾವುದರಿಂದ ಎಂದು ತಿಳಿಯುವುದು ಹೇಗೆ? ಹಾಲಿನ ಟ್ಯಾಂಕರು ಹುಳಿಯಾದರೆ ನಾವು ಏನು ಮಾಡುತ್ತೇವೆ? ಒಂದೊಂದು ಸಂಘದ ಮಾದರಿಯನ್ನು ಬೇರೆಬೇರೆಯಾಗಿ ಪರೀಕ್ಷಿಸುತ್ತೇವೆ. ಇಲ್ಲಿಯೂ ಅದೇ ಕ್ರಮ.

1. ಎಲ್ಲ ಷರತ್ತುಗಳನ್ನೂ ತೆಗೆದುಹಾಕಿ, ಒಟ್ಟು ಎಷ್ಟು ಸಾಲುಗಳಿವೆ ಎಂದು ಎಣಿಸಿ. ನಮ್ಮ ಉದಾಹರಣೆಯಲ್ಲಿ 240.

2. ಒಂದೊಂದೇ ಷರತ್ತು ಸೇರಿಸುತ್ತಾ ಪ್ರತಿ ಸಲವೂ ಎಣಿಕೆಯನ್ನು ಕಾಗದದ ಮೇಲೆ ಬರೆಯಿರಿ. ಸದಸ್ಯರು 200. ದಿನ ಅಥವಾ ಲೀಟರ್ ಸೇರಿಸಿದರೆ 140. ಬಾಕಿ ಸೇರಿಸಿದರೆ 45. ಎಲ್ಲಿ ಎಣಿಕೆ ನಿರೀಕ್ಷೆ ಮೀರಿ ಕುಸಿಯಿತೋ ಅಥವಾ ಏರಿತೋ, ತಪ್ಪನ್ನು ಮೊದಲು ಅಲ್ಲೇ ಹುಡುಕಬೇಕು.

3. ಆ ಷರತ್ತನ್ನು ತಿರುವುಮುರುವು ಮಾಡಿ ಕೇಳಿ. ಬಾಕಿ ಇಲ್ಲದವರು 45, ಬಾಕಿ ಇರುವವರು 7. ಎರಡೂ ಸೇರಿ 52. ಆದರೆ ಇರಬೇಕಾದದ್ದು 140. ಒಳಗೆ ಬಂದವರು ಮತ್ತು ಹೊರಗುಳಿದವರು ಸೇರಿ ಒಟ್ಟಿಗೆ ಸಮನಾಗದಿದ್ದರೆ ಎಲ್ಲೋ ಖಾಲಿ ಕೋಣೆಗಳಿವೆ ಎಂದು ತಿಳಿಯಿರಿ.

4. ಹೊರಗೆ ಬಿದ್ದ ನಾಲ್ಕೈದು ಸಾಲುಗಳನ್ನು ಕಣ್ಣಾರೆ ನೋಡಿ. ಆ ಕಾಲಂನಲ್ಲಿ ಏನು ಬರೆದಿದೆ, ಏನು ಬರೆದಿಲ್ಲ ಎಂಬುದು ಅಲ್ಲಿಯೇ ಕಾಣುತ್ತದೆ.

5. ಕೊನೆಗೆ ಮೂರು ಹೆಸರಿನಿಂದ ಪಟ್ಟಿಯನ್ನು ಒರೆಹಚ್ಚಿ. ಖಂಡಿತ ಬರಬೇಕಾದವರು ಒಬ್ಬರು, ಖಂಡಿತ ಬರಬಾರದವರು ಒಬ್ಬರು, ಸರಿಯಾಗಿ ಅಂಚಿನಲ್ಲಿರುವವರು ಒಬ್ಬರು. ಮೂವರ ವಿಷಯದಲ್ಲೂ ಉತ್ತರ ಸರಿಯಿದ್ದರೆ ಪಟ್ಟಿಯ ಮೇಲೆ ಭರವಸೆ ಇಡಬಹುದು.

ಇದಕ್ಕೆ ಅರ್ಧ ಗಂಟೆಯ ಕೆಲಸವೂ ಹಿಡಿಯದು. ಈ ಅರ್ಧ ಗಂಟೆ ಉಳಿಸಲು ಹೋಗಿ ಆರು ತಿಂಗಳ ಜಗಳ ಕಟ್ಟಿಕೊಳ್ಳುವುದು ಜಾಣತನವಲ್ಲ.

ಸದಸ್ಯರು ಮಾಡಬೇಕಾದದ್ದು

ಉತ್ಪಾದಕ ಬಂಧುಗಳಿಗೆ ನನ್ನ ವಿನಂತಿ ಇಷ್ಟೇ. ಹೆಸರು ಬಾರದಿದ್ದರೆ ತಮಗೆ ಅರ್ಹತೆ ಇಲ್ಲವೆಂದು ತಿಳಿದು ಸುಮ್ಮನಾಗಬೇಡಿ, ಜಗಳಕ್ಕೂ ನಿಲ್ಲಬೇಡಿ. ಕಾರ್ಯದರ್ಶಿಯವರ ಬಳಿ ಎರಡು ಪ್ರಶ್ನೆ ಕೇಳಿ. "ಯಾವ ಯಾವ ಷರತ್ತು ಹಾಕಿದಿರಿ? ಒಂದೊಂದು ಷರತ್ತಿಗೆ ಎಷ್ಟೆಷ್ಟು ಜನ ಉಳಿದರು?" ಇವೆರಡಕ್ಕೆ ಉತ್ತರ ಸಿಕ್ಕರೆ ತಮ್ಮ ಹೆಸರು ಯಾವ ಮೆಟ್ಟಿಲಲ್ಲಿ ಬಿತ್ತು ಎಂಬುದು ತಿಳಿಯುತ್ತದೆ. ಹಾಲು ಹಾಕಿದ ಚೀಟಿ, ಪಾಸ್‌ಪುಸ್ತಕಗಳನ್ನು ಜೋಪಾನವಾಗಿಡಿ. ಯಂತ್ರದಲ್ಲಿರುವ ತಮ್ಮ ಸದಸ್ಯತ್ವ ಸಂಖ್ಯೆ, ಖಾತೆ ಸಂಖ್ಯೆ, ರಾಸುವಿನ ಕಿವಿಯೋಲೆ ಸಂಖ್ಯೆಗಳನ್ನು ವರ್ಷಕ್ಕೊಮ್ಮೆಯಾದರೂ ಓದಿಸಿ ಕೇಳಿ. ಮನೆಯಲ್ಲಿ ಓದಿದ ಮಗಳೋ ಮೊಮ್ಮಗನೋ ಇದ್ದರೆ ಜೊತೆಗೆ ಕರೆದುಕೊಂಡು ಬನ್ನಿ.

ಕಾರ್ಯದರ್ಶಿಗಳು ಮತ್ತು ಆಡಳಿತ ಮಂಡಳಿಯವರು ಪಟ್ಟಿಯನ್ನು ಒಕ್ಕೂಟಕ್ಕೆ ಕಳುಹಿಸುವ ಮೊದಲು ಸೂಚನಾ ಫಲಕದಲ್ಲಿ ಕೆಲವು ದಿನ ಹಾಕಬೇಕು. ಪಟ್ಟಿಯ ತಲೆಬರಹದಲ್ಲಿಯೇ ಷರತ್ತುಗಳನ್ನು ಸರಳ ಕನ್ನಡದಲ್ಲಿ ಬರೆದು, ಮೆಟ್ಟಿಲು ಮೆಟ್ಟಿಲಾಗಿ ಎಣಿಕೆಯನ್ನೂ ನಮೂದಿಸಬೇಕು. ಸಭೆಯಲ್ಲಿ ನಿಯಮ ಮಾಡುವಾಗಲೇ 'ಮತ್ತು' ಎಲ್ಲಿ, 'ಅಥವಾ' ಎಲ್ಲಿ ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದರೆ ಯಂತ್ರದ ಮುಂದೆ ಕುಳಿತವರು ಊಹೆ ಮಾಡಬೇಕಾಗುವುದಿಲ್ಲ. ಹೊಸ ಸದಸ್ಯರನ್ನು ದಾಖಲಿಸುವಾಗ ಬಾಕಿ ಇಲ್ಲದಿದ್ದರೆ ಕೋಣೆಯನ್ನು ಖಾಲಿ ಬಿಡದೆ ಸೊನ್ನೆ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಯಂತ್ರದೊಡನೆ ಆಡುವ ಮಾತಿಗೂ ಅದು ಸಲ್ಲುತ್ತದೆ. ಕೊಟ್ಟ ಹಾಲಿಗೆ ತಕ್ಕ ಅಳತೆ, ತಕ್ಕ ಪರೀಕ್ಷೆ, ತಕ್ಕ ಹಣ ಸಿಗುತ್ತದೆ ಎಂಬ ನಂಬಿಕೆಯ ಮೇಲೆ ಸಂಘ ನಿಂತಿದೆ. ಅಳತೆಪಾತ್ರೆಯನ್ನು ಹೇಗೆ ನೋಡುತ್ತೇವೋ ಪಟ್ಟಿಯನ್ನೂ ಹಾಗೆಯೇ ನೋಡುವ ರೂಢಿ ಪ್ರತಿಯೊಂದು ಊರಿನಲ್ಲೂ ಬರಲಿ ಎಂದು ಆಶಿಸುತ್ತೇನೆ.